ಪಿಕಪ್ ಗಾಡಿಯ ಹಿಂಭಾಗ ಎತ್ತಿಸುವ ಮುನ್ನ

ಬೆಳೆದ ಮಾಲನ್ನು ಸ್ವಂತ ಪಿಕಪ್ ಗಾಡಿಯಲ್ಲಿಯೇ ಮಾರುಕಟ್ಟೆಗೆ ಸಾಗಿಸುವ ರೈತರು ಈಗ ಬಹಳ ಮಂದಿ ಇದ್ದಾರೆ. ಇದು ಸಂತೋಷದ ವಿಷಯ. ಆದರೆ ಇದರ ಜೊತೆಗೆ ಒಂದು ಅಭ್ಯಾಸವೂ ಬೆಳೆದಿದೆ. ಹೇರು ಹಾಕಿದಾಗ ಹಿಂಭಾಗ ತಗ್ಗುತ್ತದೆಂದು ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಹೆಚ್ಚಾಗಿ ಸೇರಿಸಿ ಗಾಡಿಯನ್ನು ಎತ್ತಿಸುವುದೇ ಆ ಅಭ್ಯಾಸ.

ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಬೆಳೆ ನೋಡಲು ಹೋಗಿದ್ದಾಗ ರೈತರೊಬ್ಬರು, "ಸಾರ್, ನೂರು ಕ್ರೇಟು ಹಾಕಿದರೆ ಗಾಡಿ ಹಿಂದಕ್ಕೆ ಕೂತುಬಿಡ್ತದೆ. ಎರಡು ಪ್ಲೇಟು ಹಾಕಿಸಿದರೆ ಸರಿಹೋಗ್ತದಲ್ವಾ?" ಎಂದು ಕೇಳಿದರು. ಇದೇ ಪ್ರಶ್ನೆ ಅನೇಕರಲ್ಲಿರುವುದರಿಂದ ಇಲ್ಲಿ ವಿವರವಾಗಿ ಉತ್ತರಿಸಲಾಗಿದೆ.

ಖಾಲಿ ಗಾಡಿಯ ಹಿಂಭಾಗ ಎತ್ತರವೇಕೆ?

ಖಾಲಿ ಪಿಕಪ್ಪನ್ನು ಪಕ್ಕದಿಂದ ನೋಡಿದರೆ ಹಿಂಭಾಗ ತುಸು ಎತ್ತರವಾಗಿ ಕಾಣುತ್ತದೆ. ಇದು ದೋಷವಲ್ಲ. ನಿಗದಿತ ಭಾರ ಹೇರಿದಾಗ ಗಾಡಿ ಸಮಮಟ್ಟಕ್ಕೆ ಬರಲೆಂದೇ ಹಾಗೆ ಮಾಡಿರುತ್ತಾರೆ. ಹೇರಿದ ಮೇಲೆ ಹಿಂಭಾಗ ಮಟ್ಟಕ್ಕಿಂತ ತೀರ ಕೆಳಗಿಳಿದರೆ ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳು: ಭಾರ ಹೆಚ್ಚಾಗಿರಬಹುದು, ಭಾರವೆಲ್ಲ ಹಿಂದಕ್ಕೆ ಬಿದ್ದಿರಬಹುದು, ಅಥವಾ ಸ್ಪ್ರಿಂಗು ಹಳತಾಗಿ ಸೋತಿರಬಹುದು. ಎತ್ತಿನ ಗಾಡಿ ಹೂಡಿದವರಿಗೆ ಎರಡನೆಯ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಪಿಕಪ್ಪಿನಲ್ಲಿಯೂ ಹಾಗೆಯೇ, ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗಿನ ಹಿಡಿತ ಕಡಿಮೆಯಾಗುತ್ತದೆ.

ಪ್ಲೇಟು ಸೇರಿಸಿದರೆ ಆಗುವುದೇನು?

ಒಂದೇ ಅಳತೆಯ 5 ಪ್ಲೇಟುಗಳಿರುವ ಸ್ಪ್ರಿಂಗಿಗೆ ಅದೇ ಅಳತೆಯ ಇನ್ನೊಂದನ್ನು ಸೇರಿಸಿದರೆ ಅದರ ಬಿಗಿ ಸುಮಾರು ಐದನೆಯ ಒಂದು ಪಾಲು ಹೆಚ್ಚುತ್ತದೆ. ಗಾಡಿ ಕಡಿಮೆ ತಗ್ಗುತ್ತದೆ ನಿಜ. ಆದರೆ ಅಚ್ಚು, ಬೇರಿಂಗು, ಟೈರು, ಬ್ರೇಕುಗಳ ಶಕ್ತಿ ಮೊದಲಿನಷ್ಟೇ ಉಳಿಯುತ್ತದೆ. ಭಾರ ಹೆಚ್ಚಾಗಿದೆಯೆಂದು ಗಾಡಿ ಕೊಡುತ್ತಿದ್ದ ಸೂಚನೆ ಮಾತ್ರ ಮರೆಯಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬ್ರೇಕಿನದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಕಡ್ಡಿಯೊಂದರಿಂದ ಕೆಲಸ ಮಾಡುವ ವಾಲ್ವು ಇರುತ್ತದೆ. ಗಾಡಿ ತಗ್ಗಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪ್ಲೇಟು ಸೇರಿಸಿ ಎತ್ತಿಸಿದಾಗ, ಹೇರು ತುಂಬಿದ್ದರೂ ಗಾಡಿ ಹಗುರವಾಗಿದೆಯೆಂಬಂತೆ ವಾಲ್ವು ವರ್ತಿಸಿ ಹಿಂದಿನ ಬ್ರೇಕಿನ ಬಲ ಕುಗ್ಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಇದರ ಪರಿಣಾಮ ಏನೆಂದು ಊಹಿಸಬಹುದು.

ಎತ್ತರ ಹೆಚ್ಚಿದಂತೆ ತಿರುವುಗಳಲ್ಲಿ ಮಗುಚುವ ಸಂಭವವೂ ಹೆಚ್ಚು. ಬಂಡಿದಾರಿಯ ದಿಬ್ಬ ತಗುಲದಿರಲೆಂದು ಎತ್ತಿಸುವವರೂ ಇದ್ದಾರೆ. ಆದರೆ ಹಿಂದಿನ ಅಚ್ಚಿನ ನಡುವಿನ ಡಿಫರೆನ್ಷಿಯಲ್ ಗುಂಡು ಸ್ಪ್ರಿಂಗಿನಿಂದ ಒಂದಿಂಚೂ ಮೇಲೇಳುವುದಿಲ್ಲ. ಮೇಲೇಳುವುದು ಚಾಸಿ ಮಾತ್ರ. ದಿಬ್ಬ ಮೊದಲು ತಾಗುವುದು ಆ ಗುಂಡಿಗೇ.

ಮಾಲಿಗೂ ನಷ್ಟವಿದೆ. ಬಿಗಿಯಾದ ಸ್ಪ್ರಿಂಗು ಕಡಿಮೆ ಹೇರಿನಲ್ಲಿ ಕುಣಿಯುತ್ತದೆ. ಟೊಮೆಟೊ, ದ್ರಾಕ್ಷಿ, ಬಾಳೆಯಂತಹ ಹಣ್ಣುಗಳು ಜಜ್ಜಿ, ಮಾರುಕಟ್ಟೆ ತಲುಪುವ ವೇಳೆಗೆ ದರ್ಜೆ ಇಳಿಯುತ್ತವೆ.

ತೂಕದ ಲೆಕ್ಕ

ನೋಂದಣಿ ಪತ್ರದಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕ ಎರಡೂ ಇರುತ್ತವೆ. ಇವುಗಳ ವ್ಯತ್ಯಾಸವೇ ಹೇರಬಹುದಾದ ಭಾರ. ಇದು 1,300 ಕಿಲೋ ಎಂದಿಟ್ಟುಕೊಳ್ಳಿ. ಇಬ್ಬರು ಆಳುಗಳ 130 ಕಿಲೋ ಕಳೆದರೆ ಉಳಿಯುವುದು 1,170. ಹಣ್ಣು 15, ಕ್ರೇಟು 2, ಒಟ್ಟು 17 ಕಿಲೋದಂತೆ 68 ಕ್ರೇಟು ಹೇರಬಹುದು. ನೂರು ಕ್ರೇಟು ಹಾಕಿದರೆ 530 ಕಿಲೋ ಹೆಚ್ಚಾಯಿತು. ಮೇಲಿನ ರೈತರ ಗಾಡಿಯದೂ ಇದೇ ಲೆಕ್ಕ. ಅವರ ಸ್ಪ್ರಿಂಗಿನಲ್ಲಿ ದೋಷವಿರಲಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಗಾಡಿಯನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಡಿ. ಎಡಬಲಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಪ್ಲೇಟು ಮುರಿದಿದೆಯೇ, ಸೋತಿದೆಯೇ ಎಂದು ಪರೀಕ್ಷಿಸಿ.

2. ಸೋತ ಸ್ಪ್ರಿಂಗಿಗೆ ಪ್ಲೇಟು ಸೇರಿಸುವ ಬದಲು, ಕಂಪನಿಯ ಅಳತೆಯ ಹೊಸ ಸೆಟ್ಟನ್ನು ಎರಡೂ ಬದಿಗೆ ಹಾಕಿಸಿ. ಸ್ವಲ್ಪ ದಿನ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಿ.

3. ಭಾರದ ಮಾಲನ್ನು ಕೆಳಗೆ, ಕ್ಯಾಬಿನ್ ಕಡೆಗೆ ಜೋಡಿಸಿ. ಹಿಂದಿನ ಬಾಗಿಲಿನಾಚೆಗೆ ಹೇರಬೇಡಿ.

4. ಸುಗ್ಗಿಯಲ್ಲಿ ಒಮ್ಮೆಯಾದರೂ ವೇಬ್ರಿಡ್ಜಿನಲ್ಲಿ ತೂಗಿಸಿ. ಟೈರಿನ ಗಾಳಿಯನ್ನು ಹೇರಿಗೆ ತಕ್ಕಂತೆ ನೋಡಿಕೊಳ್ಳಿ.

5. ತೇವವಿರುವ ಹೊಲದೊಳಗೆ ತುಂಬಿದ ಗಾಡಿ ಇಳಿಸಬೇಡಿ. ಅಚ್ಚಿನ ಭಾರ ಹೆಚ್ಚಿದಷ್ಟೂ ಮಣ್ಣು ಆಳದವರೆಗೆ ಗಟ್ಟಿಯಾಗುತ್ತದೆ. ಅದು ಮುಂದಿನ ಬೆಳೆಯ ಬೇರಿಗೆ ತೊಂದರೆ.

ಕಾನೂನಿನ ಎಚ್ಚರಿಕೆ

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ನಿರ್ದಿಷ್ಟತೆಗೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಹೆಚ್ಚು ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು ಕಾಯ್ದೆ ಹೇಳುತ್ತದೆ.

"ಎರಡನೇ ಸಲ ಹೋದರೆ ಡೀಸೆಲ್ ಖರ್ಚಲ್ವಾ ಸಾರ್?" ಎಂದು ಆ ರೈತರು ಕೇಳಿದ್ದು ನ್ಯಾಯವೇ. ಖರ್ಚು ಆಗುತ್ತದೆ. ನೆರೆಯವರೊಡನೆ ಸೇರಿ ಉಳಿದ ಮಾಲನ್ನು ಒಂದೇ ಗಾಡಿಯಲ್ಲಿ ಕಳಿಸಿದರೆ ಅದು ಹಂಚಿಹೋಗುತ್ತದೆ. ಆದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಆಗುವ ನಷ್ಟವನ್ನು ಯಾರೊಡನೆಯೂ ಹಂಚಿಕೊಳ್ಳಲಾಗದು. ಆದ್ದರಿಂದ ರೈತ ಬಾಂಧವರು ಗಾಡಿಯನ್ನು ಎತ್ತಿಸುವ ಮುನ್ನ ಹೇರನ್ನು ತೂಗಿ ನೋಡಬೇಕು.