ಮೊದಲ ಕ್ಯಾಮೆರಾ: ಡಿಎಸ್‌ಎಲ್‌ಆರ್ ಕೈಹಿಡಿದು ಕಲಿಸೀತೇ?

"ದೊಡ್ಡಮ್ಮಾ, ಇದನ್ನ ತಗೊಳ್ಲಾ, ಬೇಡ್ವಾ? ಭಾನುವಾರದೊಳಗೆ ಹೇಳ್ಬೇಕು."

ಸಾಗರದಿಂದ ಬಂದ ತಂಗಿಯ ಮಗಳು ಕೈಕಾಲು ತೊಳೆಯುವ ಮೊದಲೇ ಬ್ಯಾಗು ಬಿಚ್ಚಿ, ಕ್ಯಾಮೆರಾವೊಂದನ್ನು ಊಟದ ಮೇಜಿನ ಮೇಲಿಟ್ಟಳು. ಕ್ಯಾನನ್ 1500ಡಿ, ಅದರೊಂದಿಗೇ ಬರುವ 18–55 ಎಂಎಂ ಕಿಟ್ ಲೆನ್ಸ್. ಗೆಳತಿಯ ಅಣ್ಣ ಕೊಂಡು, ಒಂದೆರಡು ಪ್ರವಾಸಕ್ಕೆ ಒಯ್ದು, ಆಮೇಲೆ ಮೂರು ವರ್ಷ ಬೀರುವಿನಲ್ಲಿ ಇಟ್ಟಿದ್ದನಂತೆ. ನೋಡಿ ಹೇಳಲು ಒಂದು ವಾರ ಕೊಟ್ಟಿದ್ದಾನೆ.

ಅವಳಿಗೆ ಯಕ್ಷಗಾನದ ಫೋಟೋ ತೆಗೆಯುವ ಆಸೆ. ಆಟ ಶುರುವಾಗುವ ಮೊದಲು ಚೌಕಿಯಲ್ಲಿ ಕಲಾವಿದರು ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುವ ಹೊತ್ತೆಂದರೆ ಅವಳಿಗೆ ಪ್ರಾಣ. ಫೋನಿನಲ್ಲಿ ನೂರಾರು ತೆಗೆದಿದ್ದಾಳೆ. "ಚೆನ್ನಾಗೇ ಬರತ್ತೆ. ಆದ್ರೆ ಯಾಕೆ ಚೆನ್ನಾಗಿ ಬಂತು ಅಂತ ನಂಗೊತ್ತಾಗಲ್ಲ" ಎಂದಳು. ಕಲಿಯುವವರ ಮಾತು ಇದು. ಹಾಗಾಗಿ ಆ ಒಂದು ವಾರ ನಾವಿಬ್ಬರೂ ಮೈಸೂರಿನಲ್ಲಿ ಆ ಕ್ಯಾಮೆರಾವನ್ನು ಮನೆಯ ಒಳಗೂ ಹೊರಗೂ ಹಿಡಿದು ಪರೀಕ್ಷಿಸಿದೆವು. ಮೊದಲ ಕ್ಯಾಮೆರಾ ಕೊಳ್ಳಬೇಕೆಂದು ಹಣ ಕೂಡಿಡುತ್ತಿರುವ ಎಲ್ಲರಿಗೂ ಆ ಪರೀಕ್ಷೆಯ ಫಲ ಉಪಯೋಗಕ್ಕೆ ಬರಲಿ.

ಕೈಯಲ್ಲಿ ಏನಿದೆ?

ಅವಳು ತಂದದ್ದು ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು, ಮೇಲೆ ತಿರುಗಿ, ವ್ಯೂಫೈಂಡರ್ ಮೂಲಕ ನಮ್ಮ ಕಣ್ಣಿಗೆ ತಲುಪುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಶಟರ್ ತೆರೆದುಕೊಳ್ಳುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. 'ಠಕ್' ಎಂಬ ಆ ಸದ್ದು ಬರುವುದು ಹೀಗೆ.

2003ರಲ್ಲಿ ಕ್ಯಾನನ್ ಕಂಪನಿ 300ಡಿ ಎಂಬ 6.3 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ತಂದಿತು. ವೃತ್ತಿಪರರ ಕೈಯಲ್ಲಷ್ಟೇ ಇದ್ದ ಈ ಸಾಧನ ಮನೆಮಂದಿಯ ಕೈಗೆ ಬಂದದ್ದು ಅಲ್ಲಿಂದ. 2018ರಲ್ಲಿ ಬಂದ 1500ಡಿ ಅದೇ ವಂಶದ ಕುಡಿ. ಅದರ ಸೆನ್ಸರ್ 24.1 ಮೆಗಾಪಿಕ್ಸೆಲಿನದು. ಆದರೆ ಕೊಳ್ಳುವವರು ಗಮನಿಸಬೇಕಾದ ಅಂಕಿ ಮೆಗಾಪಿಕ್ಸೆಲ್ ಅಲ್ಲ, ಸೆನ್ಸರಿನ ಅಳತೆ: 22.3 ಮಿಲಿಮೀಟರ್ ಅಗಲ, 14.9 ಮಿಲಿಮೀಟರ್ ಎತ್ತರ. ಫೋನಿನ ಸೆನ್ಸರಿಗಿಂತ ಇದು ಹಲವು ಪಟ್ಟು ದೊಡ್ಡದು. ಮಳೆನೀರು ಹಿಡಿಯಲು ಚೊಂಬು ಇಡುವುದಕ್ಕೂ ಪರಾತ ಇಡುವುದಕ್ಕೂ ಇರುವ ವ್ಯತ್ಯಾಸ ಅದು. ಬೆಳಕು ಕಡಿಮೆಯಾದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಲೆನ್ಸ್ ಬಿಟ್ಟು, ಬ್ಯಾಟರಿ ಮತ್ತು ಕಾರ್ಡ್ ಸೇರಿ ಕ್ಯಾಮೆರಾ ಬಾಡಿಯ ತೂಕ 475 ಗ್ರಾಂ. ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಲ್ಲಿ ಸುಮಾರು 500 ಫೋಟೋ. ಇದೇ ದರ್ಜೆಯ ನಿಕಾನ್ ಡಿ3500 ಒಂದೇ ಚಾರ್ಜಿನಲ್ಲಿ 1,550 ತೆಗೆಯುತ್ತದೆ. ಕರೆಂಟು ನಂಬಲಾಗದ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಕೆರೆ ದಂಡೆಯ ಪಾಠ

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ದಂಡೆಗೆ ಹೋದೆವು. ದಡದ ನೆರಳಿನಲ್ಲಿ, ಕಪ್ಪಗೆ ಕಾಣುವ ನೀರಿನಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು. ಹುಡುಗಿ ಆಟೋ ಮೋಡಿನಲ್ಲಿ ಕ್ಲಿಕ್ ಮಾಡಿ ಹಿಂದಿನ ಪರದೆ ನೋಡಿದಳು. ನೀರು, ಕಲ್ಲು, ಜೊಂಡು ಎಲ್ಲ ಸ್ಪಷ್ಟ. ಬೆಳ್ಳಕ್ಕಿ ಮಾತ್ರ ಬರೀ ಬಿಳಿ ಮಚ್ಚೆ. ಒಂದು ಗರಿಯೂ ಕಾಣುತ್ತಿರಲಿಲ್ಲ.

"ಕ್ಯಾಮೆರಾನೇ ಸರಿ ಇಲ್ವಾ?"

ಕ್ಯಾಮೆರಾ ಸರಿಯಾಗಿಯೇ ಇತ್ತು. ಅದರ ಬೆಳಕಿನ ಮೀಟರ್ ತಾನು ಕಂಡದ್ದನ್ನೆಲ್ಲ ನಡುವಿನ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ನೀರು ಕಂಡರೆ 'ಕತ್ತಲಿದೆ' ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಆ ಹೆಚ್ಚುವರಿ ಬೆಳಕಿನಲ್ಲಿ ಬಿಳಿ ಹಕ್ಕಿಯ ಗರಿಗಳು ಅಳಿಸಿಹೋಗುತ್ತವೆ. ಮೋಡ್ ಡಯಲನ್ನು ಅಪರ್ಚರ್ ಮೋಡಿಗೆ, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು ನಾವೇ ಆರಿಸುವ ಮೋಡಿಗೆ ತಿರುಗಿಸಿದೆವು. ಹಿಂಬದಿಯ ಎಕ್ಸ್‌ಪೋಷರ್ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿಹಿಡಿದು, ತೋರುಬೆರಳಿನಲ್ಲಿ ಮುಂದಿನ ಚಕ್ರವನ್ನು ಮೈನಸ್ ಒಂದಕ್ಕೆ ತಂದಳು. ಠಕ್. ನೀರು ಇನ್ನಷ್ಟು ಕಪ್ಪಾಯಿತು, ಬೆಳ್ಳಕ್ಕಿಯ ಕತ್ತಿನ ಬಾಗು ಕಂಡಿತು, ರೆಕ್ಕೆಯ ಮೇಲೆ ಒಂದೊಂದೇ ಗರಿ ಬಿಡಿಬಿಡಿಯಾಗಿ ಮೂಡಿತು. ಅವಳು ಪರದೆಯನ್ನು ಬಹಳ ಹೊತ್ತು ನೋಡುತ್ತಲೇ ಇದ್ದಳು.

ಡಿಎಸ್‌ಎಲ್‌ಆರ್‌ನ ಬಲವೂ ಮಿತಿಯೂ ಇದೇ ಜಾಗದಲ್ಲಿದೆ. ವ್ಯೂಫೈಂಡರಿನಲ್ಲಿ ಕಾಣುವುದು ಲೋಕದ ಬೆಳಕೇ ಹೊರತು ಬರಲಿರುವ ಫೋಟೋ ಅಲ್ಲ. ಮೊದಲು ಊಹಿಸಬೇಕು, ತೆಗೆಯಬೇಕು, ಆಮೇಲೆ ನೋಡಿ ತಿದ್ದಬೇಕು. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಗುಂಡಿ ಒತ್ತುವ ಮೊದಲೇ ಫಲಿತಾಂಶ ಕಾಣಿಸುತ್ತದೆ. ಅವಸರದ ಕೆಲಸಕ್ಕೆ ಅದೇ ಮೇಲು. ಆದರೆ ಊಹಿಸಿ ತಪ್ಪಿ, ತಿದ್ದಿ ಗೆದ್ದ ಕೈ ಬೆಳಕನ್ನು ಬೇಗ ಮರೆಯುವುದಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಹತ್ತಿದ ಸಾಹಿತಿ ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಫಿಲಂ ಕಾಲದವರು. ಒಂದು ರೋಲಿಗೆ 36 ಫೋಟೋ. ತಪ್ಪಾಯಿತೋ ಸರಿಯಾಯಿತೋ ಎಂಬುದು ರೋಲು ತೊಳೆದ ಮೇಲೆಯೇ ತಿಳಿಯುತ್ತಿತ್ತು. ಡಿಎಸ್‌ಎಲ್‌ಆರ್ ಅದೇ ಪಾಠವನ್ನು ಕಲಿಸುತ್ತದೆ. ತಪ್ಪು ಎರಡು ಸೆಕೆಂಡಿನಲ್ಲಿ ಕಣ್ಣೆದುರು ಬರುತ್ತದೆ, ತಪ್ಪಿಗೆ ಖರ್ಚೂ ಇಲ್ಲ.

ದೀಪದ ಬೆಳಕಿನಲ್ಲಿ

ಸಂಜೆ ಅಮ್ಮ ದೇವರ ಮನೆಯಲ್ಲಿ ದೀಪ ಹಚ್ಚುತ್ತಿದ್ದರು. ಚೌಕಿಯ ಬೆಳಕಿಗೆ ಹತ್ತಿರದ ಬೆಳಕು ಎಂದುಕೊಂಡು ಅಲ್ಲಿಯೇ ಎರಡನೆಯ ಪರೀಕ್ಷೆ ಮಾಡಿದೆವು. ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಸೆನ್ಸರಿನ ಬೆಳಕಿನ ಸಂವೇದನೆಯನ್ನು, ಅಂದರೆ ಐಎಸ್ಒವನ್ನು, 3200ಕ್ಕೆ ಏರಿಸಿದರೂ ಶಟರ್ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿರಬೇಕಾಯಿತು. ಲೆನ್ಸಿನ ಸ್ಟೆಬಿಲೈಸರ್ ನಮ್ಮ ಕೈ ನಡುಗಿದ್ದನ್ನು ಸರಿಪಡಿಸಿತು. ಬತ್ತಿ ಸರಿಮಾಡುತ್ತಿದ್ದ ಅಮ್ಮನ ಕೈ ಅಲುಗಿದ್ದನ್ನು ಅದು ಸರಿಪಡಿಸಲಾರದು. ಮುಖ ಸ್ಪಷ್ಟ, ಬೆರಳುಗಳು ಮಸುಕು.

ನನ್ನ ಹಳೆಯ 50 ಎಂಎಂ ಎಫ್ 1.8 ಲೆನ್ಸನ್ನು ತಂದು ಹಾಕಿದೆವು. ಹಿಡಿಯಲ್ಲಿ ಅಡಗುವ ಸಣ್ಣ ಲೆನ್ಸ್. ಜೂಮ್ ಇಲ್ಲ, ಹಾಗಾಗಿ ಚೌಕಟ್ಟಿಗೆ ತಕ್ಕಂತೆ ನಾವೇ ಹಿಂದೆ ಮುಂದೆ ಸರಿಯಬೇಕಾಯಿತು. ಆದರೆ ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8 ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಹತ್ತನೇ ಒಂದು ಸೆಕೆಂಡ್ ನೂರನೇ ಒಂದಕ್ಕೆ ಇಳಿಯಿತು. ಅಮ್ಮನ ಬೆರಳು, ಬೆರಳಿಗೆ ಅಂಟಿದ ಎಣ್ಣೆಯ ಹೊಳಪು, ಬಳೆಯ ಮೇಲೆ ಬಿದ್ದ ದೀಪದ ಚುಕ್ಕೆ ಎಲ್ಲವೂ ಬಂದವು.

"ಅಜ್ಜೀ, ಇನ್ನೊಂದ್ಸಲ ಬತ್ತಿ ಮುಟ್ಟಿ" ಎಂದು ಹುಡುಗಿ ಮತ್ತೆ ಮತ್ತೆ ಕೇಳಿಕೊಂಡಳು.

ಹೊಸಬರಿಗೆ ನಾನು ಹೇಳುವ ಮೊದಲ ಬುದ್ಧಿಮಾತು ಇದು: ಕ್ಯಾಮೆರಾ ಬಾಡಿಯ ಮೇಲೆ ಕಡಿಮೆ ಹಣ ಹಾಕಿ, ಉಳಿದದ್ದನ್ನು ಲೆನ್ಸಿಗೆ ಇಡಿ. ಕಿಟ್ ಲೆನ್ಸ್ ಹಗಲಿಗೆ, ಊರಿಗೆ, ಮದುವೆ ಮನೆಯ ಅಂಗಳಕ್ಕೆ ಸಾಕು. ಬೆಳಕು ಕಡಿಮೆಯಾದ ಕಡೆ 50 ಎಂಎಂ ಲೆನ್ಸ್ ಇಲ್ಲದೆ ಈ ಕ್ಯಾಮೆರಾ ತನ್ನ ಶಕ್ತಿಯನ್ನು ತೋರಿಸಲಾರದು.

ಎಲ್ಲಿ ಸೋಲುತ್ತದೆ?

ಒಳ್ಳೆಯದನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಕೆರೆಯ ಮೇಲೆ ಹೆಜ್ಜಾರ್ಲೆಯೊಂದು ಹಾರಿಬಂದಾಗ 1500ಡಿ ತಡಕಾಡಿತು. ಇದರಲ್ಲಿರುವುದು ಒಂಬತ್ತೇ ಫೋಕಸ್ ಬಿಂದು. ಅವುಗಳಲ್ಲಿ ನಡುವಿನದು ಮಾತ್ರ ಹೆಚ್ಚು ಚುರುಕು. ಸೆಕೆಂಡಿಗೆ ಮೂರು ಫೋಟೋ ಇದರ ವೇಗ. 55 ಎಂಎಂನಲ್ಲಿ ಆ ದೊಡ್ಡ ಹಕ್ಕಿಯೂ ಹುಣಸೆ ಬೀಜದಷ್ಟು ಕಂಡಿತು. ಹಕ್ಕಿ, ಪ್ರಾಣಿ, ಕ್ರೀಡೆ ನಿಮ್ಮ ಆಸಕ್ತಿಯಾದರೆ 55–250ರಂಥ ಲೆನ್ಸನ್ನೂ ಸೇರಿಸಿ ಲೆಕ್ಕ ಹಾಕಿ. ರಂಗನತಿಟ್ಟಿನ ದೋಣಿಯಲ್ಲಿ ಕೂತಮೇಲೆ ಲೆನ್ಸ್ ಸಾಲದೆಂದು ತಿಳಿದರೆ ಉಪಯೋಗವಿಲ್ಲ.

ವಿಡಿಯೊ ಮಾಡುವವರಿಗೆ ಈ ಕ್ಯಾಮೆರಾ ಬೇಡ. ಫುಲ್ ಎಚ್‌ಡಿಯೇ ಇದರ ಗರಿಷ್ಠ ಮಿತಿ, ಹೊರಗಿನ ಮೈಕ್ ಚುಚ್ಚಲು ತೂತಿಲ್ಲ, ಪರದೆ ತಿರುಗುವುದಿಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ. ಫೋಟೋ ಜೊತೆಗೆ ವಿಡಿಯೊ ಕೂಡ ಬೇಕೆಂದರೆ 2019ರಲ್ಲಿ ಬಂದ ಕ್ಯಾನನ್ 200ಡಿ ಮಾರ್ಕ್ 2 ನೋಡಬಹುದು. ತಿರುಗುವ ಟಚ್ ಪರದೆ, ಮೈಕ್ ಜಾಗ ಎರಡೂ ಇವೆ. ಆದರೆ ಅದರ ಫ್ಲ್ಯಾಶ್ ಕೂರುವ ಜಾಗದಲ್ಲಿ ನಡುವಿನ ಪಿನ್ ಇಲ್ಲ. ಅಗ್ಗದ ಬೇರೆ ಕಂಪನಿ ಫ್ಲ್ಯಾಶುಗಳು ಹಲವು ಅದರ ಮೇಲೆ ಉರಿಯುವುದಿಲ್ಲ. ನಿಕಾನ್ ಡಿ3500 ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಅದಕ್ಕೆ ಹಳೆಯ ಲೆನ್ಸ್ ಕೊಳ್ಳುವಾಗ ಮೋಟಾರ್ ಲೆನ್ಸಿನಲ್ಲೇ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ.

ಹಳೆಯದಾಗುತ್ತಿದೆಯಲ್ಲ?

ಅಂಗಡಿಯವರು ಈ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ. ಅವರು ಹೇಳುವುದರಲ್ಲಿ ಸತ್ಯವಿದೆ. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಹೊಸ ಮಿರರ್‌ಲೆಸ್ ಸಾಲು ಆರಂಭಿಸಿದವು. ಅವರ ಹೊಸ ಸಂಶೋಧನೆಯೆಲ್ಲ ಈಗ ಅತ್ತ ಹರಿಯುತ್ತಿದೆ. ಡಿ3500 ತಯಾರಿಕೆಯೇ ನಿಂತಿದೆ. ವೃತ್ತಿಯಾಗಿ ಹಿಡಿಯುವ ಯೋಚನೆಯಿದ್ದು, ಕೈಯಲ್ಲಿ ಹಣವೂ ಇದ್ದರೆ ನೇರವಾಗಿ ಮಿರರ್‌ಲೆಸ್‌ಗೆ ಹೋಗುವುದೇ ಸರಿ.

ಆದರೆ ಕಲಿಯುವವರಿಗೆ ಈ ಬದಲಾವಣೆಯಿಂದ ಲಾಭವೂ ಇದೆ. ಕ್ಯಾನನ್‌ನ ಇಎಫ್ ಲೆನ್ಸುಗಳು 1987ರಿಂದ, ನಿಕಾನ್‌ನ ಎಫ್ ಲೆನ್ಸುಗಳು 1959ರಿಂದ ತಯಾರಾಗುತ್ತ ಬಂದಿವೆ. ಮಿರರ್‌ಲೆಸ್‌ಗೆ ಹೊರಟವರು ಅವನ್ನು ಮಾರುತ್ತಿದ್ದಾರೆ. ಒಳ್ಳೆಯ ಗಾಜು ಕಡಿಮೆ ಬೆಲೆಗೆ ಸಿಗುವ ಕಾಲ ಇದು. ಮುಂದೆ ಮಿರರ್‌ಲೆಸ್ ಕೊಂಡರೂ ಅಡಾಪ್ಟರ್ ಹಾಕಿ ಈ ಲೆನ್ಸುಗಳಲ್ಲಿ ಅನೇಕವನ್ನು ಬಳಸಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಾವು ನೋಡಿದ ಕ್ರಮ ಹೀಗಿತ್ತು. ಲೆನ್ಸ್ ಬಿಚ್ಚಿ, ಬೆಳಕಿಗೆ ಹಿಡಿದು, ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ನೋಡಿದೆವು. ಇದ್ದರೆ ಅದು ಬೂಷ್ಟು. ಅಪರ್ಚರನ್ನು ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ಸೆನ್ಸರಿನ ಧೂಳು ಹುಡುಕಿದೆವು. ಜೂಮಿನ ಎರಡೂ ತುದಿಯಲ್ಲಿ ಫೋಕಸ್ ಆಗುತ್ತದೆಯೇ ಎಂದು ಪರೀಕ್ಷಿಸಿದೆವು. ಶಟರ್ ಎಷ್ಟು ಬಾರಿ ಬಿದ್ದಿದೆ ಎಂಬ ಲೆಕ್ಕವನ್ನೂ ತೆಗೆಸಿದೆವು. ಈ ದರ್ಜೆಯ ಕ್ಯಾಮೆರಾಗಳ ಶಟರನ್ನು ಸಾಮಾನ್ಯವಾಗಿ ಲಕ್ಷದ ಆಸುಪಾಸಿನ ಬಳಕೆಗೆಂದು ಲೆಕ್ಕಹಾಕುತ್ತಾರೆ. ಈ ಕ್ಯಾಮೆರಾ ನಾಲ್ಕು ಸಾವಿರವನ್ನೂ ದಾಟಿರಲಿಲ್ಲ. ಬಿಲ್ಲು, ಅಸಲಿ ಚಾರ್ಜರ್ ಎರಡೂ ಇದ್ದವು.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದ ಥಂಡಿಗೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಬೇರೂರಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಕ್ಯಾಮೆರಾವನ್ನು ಬಟ್ಟೆಯ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಪೊಟ್ಟಣಗಳನ್ನು ಆಗಾಗ ಬದಲಿಸಿ. ಅಕ್ಕಿಯಲ್ಲಿ ಹುಗಿದಿಡುವುದು ಬೇಡ, ಅದರ ಹಿಟ್ಟು ಲೆನ್ಸಿನೊಳಗೆ ಸೇರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧ ಬಳಕೆ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಗಾಳಿ ಬೆಳಕು ಕಾಣಿಸಿ.

ಹಾಗಾದರೆ ತೀರ್ಮಾನ?

ನೆನಪಿಗೊಂದು ಫೋಟೋ ಸಾಕು, ತೆಗೆದ ಕೂಡಲೇ ಮನೆಯವರಿಗೆಲ್ಲ ಕಳಿಸಬೇಕು ಎನ್ನುವವರಿಗೆ ಒಳ್ಳೆಯ ಫೋನೇ ಸರಿ. ಆ ಕೆಲಸವನ್ನು ಫೋನಿನಷ್ಟು ಚೆನ್ನಾಗಿ ಡಿಎಸ್‌ಎಲ್‌ಆರ್ ಮಾಡುವುದಿಲ್ಲ. ವಿಡಿಯೊ ಮುಖ್ಯವಾದವರಿಗೂ ಇದು ಹೊಂದುವುದಿಲ್ಲ. ಆದರೆ ಫೋಟೋ ಯಾಕೆ ಚೆನ್ನಾಗಿ ಬಂತು ಎಂದು ತಿಳಿಯುವ ಹಂಬಲ ಇರುವವರಿಗೆ, ಆರಂಭದ ದರ್ಜೆಯ ಡಿಎಸ್‌ಎಲ್‌ಆರ್ ಇವತ್ತಿಗೂ ಒಳ್ಳೆಯ ಮೇಷ್ಟ್ರು. ಒಂದು ತಿಂಗಳೊಳಗೆ ಹಸಿರು ಆಟೋ ಗುರುತಿನಿಂದ ಡಯಲನ್ನು ತಿರುಗಿಸುತ್ತೇನೆ ಎಂದು ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ. ಮೊದಲ ಆರು ತಿಂಗಳು ಅಪರ್ಚರ್ ಮೋಡಿನಲ್ಲೇ ಇರಿ. ಹೊಸ ಬಾಡಿಯ ಆಸೆ ಬಂದಾಗಲೆಲ್ಲ ಅದರ ಬದಲು ಒಂದು ಲೆನ್ಸ್ ಕೊಂಡರೆ ಸಾಕೇ ಎಂದು ಯೋಚಿಸಿ.

ಭಾನುವಾರ ಬೆಳಿಗ್ಗೆ ಹುಡುಗಿ ಗೆಳತಿಯ ಅಣ್ಣನಿಗೆ ಫೋನ್ ಮಾಡಿ ಹಣ ಕಳಿಸಿದಳು. ನನ್ನ 50 ಎಂಎಂ ಲೆನ್ಸನ್ನು ಅವಳ ಬ್ಯಾಗಿಗೆ ಹಾಕಿದೆ. ಯಕ್ಷಗಾನದ ಮಂಡಿ ಕುಣಿತವನ್ನು ಹಿಡಿಯುವಷ್ಟು ಕೈ ಪಳಗಲು ಅವಳಿಗೆ ಇನ್ನೂ ಹಲವು ರಾತ್ರಿಗಳ ಆಟ ಬೇಕಾದೀತು. ಚೌಕಿಯ ಕನ್ನಡಿಯೆದುರು ಕೂತ ಮುಖಕ್ಕೆ ಈ ಕ್ಯಾಮೆರಾ, ಈ ಲೆನ್ಸ್ ಈಗಲೇ ಸಾಕು.

ಓದುಗರಲ್ಲಿ ಒಂದು ಕೋರಿಕೆ. ಹೊಸ ಕ್ಯಾಮೆರಾಕ್ಕೆಂದು ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಬಂಧುಬಳಗದವರನ್ನು ಒಮ್ಮೆ ವಿಚಾರಿಸಿ. ನಿಮ್ಮದೇ ಬೀರುವಿನಲ್ಲಿ ಬಳಸದ ಡಿಎಸ್‌ಎಲ್‌ಆರ್ ಇದ್ದರೆ, ಬೂಷ್ಟು ಹಿಡಿಯುವ ಮೊದಲು ಅದನ್ನು ಕಲಿಯುವ ಮಕ್ಕಳ ಕೈಗೆ ಕೊಡಿ.