ಮರೆವು ಒಂದು, ಕಾರಣ ಹಲವು

1901ರ ನವೆಂಬರ್. ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಯಲ್ಲಿ ಆಗಸ್ಟೆ ಎಂಬ 51 ವರ್ಷದ ಮಹಿಳೆ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿದ್ದದ್ದು ಹೂಕೋಸು, ಹಂದಿಮಾಂಸ. ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ‘ಪಾಲಕ್’ ಎಂದರು. ಗಂಡನ ಹೆಸರು ಕೇಳಿದರೆ ತಮ್ಮ ಹೆಸರನ್ನೇ ಹೇಳಿದರು. ಈ ಉತ್ತರಗಳನ್ನೆಲ್ಲ ಬರೆದಿಟ್ಟ ವೈದ್ಯ ಅಲೋಯಿಸ್ ಆಲ್ಝೈಮರ್.

1906ರಲ್ಲಿ ಆಕೆ ತೀರಿಕೊಂಡಾಗ ಆಲ್ಝೈಮರ್ ಮ್ಯೂನಿಕ್‌ನಲ್ಲಿದ್ದರು. ಮಿದುಳನ್ನು ಅಲ್ಲಿಗೇ ತರಿಸಿಕೊಂಡು, ತೆಳು ಪದರಗಳಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ನಡುವೆ ಗಸಿಯಂತಹ ಮುದ್ದೆಗಳು, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು ಕಂಡವು. ಮುದ್ದೆ ಅಮಿಲಾಯ್ಡ್ ಎಂಬ ಪ್ರೋಟೀನಿನದು, ಎಳೆಗಳು ಟೌ ಎಂಬುದರದು ಎಂದು ಈಗ ಗೊತ್ತು. 1910ರಲ್ಲಿ ಮನೋವೈದ್ಯ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಹೆಸರಿಟ್ಟರು.

ಡಿಮೆನ್ಷಿಯಾ ಎಂದರೂ ಇದೇ ಅಲ್ಲವೇ?

ಅಲ್ಲ. ನೆನಪು, ಮಾತು, ವಿವೇಚನೆ ಕುಂದಿ, ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ನೆರವು ಬೇಕಾಗುವ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. ಅದಕ್ಕೆ ಕಾರಣವಾಗುವ ಕಾಯಿಲೆಗಳಲ್ಲಿ ಆಲ್ಝೈಮರ್ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಶೇ 60ರಿಂದ 70ರಷ್ಟು ಪ್ರಕರಣಗಳ ಹಿಂದೆ ಇರುವುದು ಅದೇ.

ಉಳಿದವುಗಳ ಚಹರೆ ಬೇರೆ. ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವ ಡಿಮೆನ್ಷಿಯಾ ಕೆಲವರಲ್ಲಿ ಮೆಟ್ಟಿಲಿಳಿದಂತೆ ಹಂತಹಂತವಾಗಿ ಕೆಡುತ್ತದೆ. ಫ್ರಾಂಟೊಟೆಂಪೊರಲ್ ಬಗೆಯಲ್ಲಿ ಮರೆವಿಗಿಂತ ಮುಂಚೆ ಸ್ವಭಾವವೇ ಬದಲಾಗಬಹುದು. ಸಂಕೋಚದ ಮನುಷ್ಯ ಕಂಡಕಂಡವರ ಮೇಲೆ ರೇಗಬಹುದು. ಲೂಯಿ ಬಾಡಿ ಡಿಮೆನ್ಷಿಯಾ ಇರುವವರಿಗೆ ಇಲ್ಲದ ಜನ, ಪ್ರಾಣಿ ಕಣ್ಣಿಗೆ ಕಾಣುತ್ತವೆ, ನಡಿಗೆ ಬಿಗಿಯಾಗುತ್ತದೆ. ಹೀಗೆ ಏನೇನೋ ಕಾಣುತ್ತಿದೆ ಎಂದು ಅವರಿಗೆ ಹ್ಯಾಲೊಪೆರಿಡಾಲ್‌ನಂತಹ ಔಷಧ ಕೊಟ್ಟರೆ ಮೈ ಇನ್ನಷ್ಟು ಸೆಟೆದು ಪ್ರಾಣಕ್ಕೇ ಅಪಾಯವಾದೀತು. ಒಬ್ಬರಲ್ಲೇ ಎರಡು ಬಗೆ ಬೆರೆತಿರುವುದೂ ಉಂಟು.

ಆಲ್ಝೈಮರ್ ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ಕೂಡ ಆರಂಭದ ಹಂತದಲ್ಲಿರುವವರಲ್ಲಿ ಅದರ ವೇಗವನ್ನು ತುಸು ತಗ್ಗಿಸುತ್ತದೆ, ಅಷ್ಟೇ. ಆದರೆ ಮರೆವೆಲ್ಲ ಆಲ್ಝೈಮರ್ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಕುಂದುವಿಕೆ, ಖಿನ್ನತೆ ಕೂಡ ಅದೇ ವೇಷದಲ್ಲಿ ಬರುತ್ತವೆ; ಇವಕ್ಕೆ ಚಿಕಿತ್ಸೆಯಿದೆ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾದ ಹಿರಿಯರಲ್ಲಿ ಮಿದುಳಿನ ಹೊದಿಕೆಯಡಿ ರಕ್ತ ನಿಧಾನವಾಗಿ ಶೇಖರವಾಗಿ, ಕೆಲವು ವಾರಗಳ ಮೇಲೆ ಗೊಂದಲ ಶುರುವಾಗಬಹುದು. ಸ್ಕ್ಯಾನ್‌ನಲ್ಲಿ ಅದು ಸಿಗುತ್ತದೆ. ರಕ್ತ ತೆಗೆದರೆ ಹಲವರು ಚೇತರಿಸಿಕೊಳ್ಳುತ್ತಾರೆ. ‘ವಯಸ್ಸಾಯಿತು, ಅರಳುಮರಳು’ ಎನ್ನುವ ಮನೆಯವರನ್ನು ವೈದ್ಯರು ‘ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದರೇ?’ ಎಂದು ಕೇಳುವುದು ಇದಕ್ಕೇ.