ಮೌಂಟನ್ ಬೈಕ್‌ನ ಭಾಗಗಳು

ಮೌಂಟನ್ ಬೈಕ್ ಅಥವಾ ಪರ್ವತ ಸೈಕಲ್ ಎಂಬುದು ಕಾಡುದಾರಿ, ಕಲ್ಲುಹಾದಿ ಹಾಗೂ ಕಡಿದಾದ ಏರಿಳಿತಗಳಲ್ಲಿ ಓಡಿಸಲೆಂದು ರೂಪಿಸಲಾದ ಬೈಸಿಕಲ್. ಕನ್ನಡದ ಆಡುಮಾತಿನಲ್ಲಿ 'ಬೈಕ್' ಎಂದರೆ ಮೋಟಾರು ಸೈಕಲ್ ಎಂಬ ಅರ್ಥವೇ ರೂಢಿಯಲ್ಲಿರುವುದರಿಂದ ಇದನ್ನು ಹಲವರು 'ಗೇರ್ ಸೈಕಲ್' ಎಂದು ಕರೆಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ ಕಡಲತೀರ, ಚಿರೆಕಲ್ಲಿನ ಗುಡ್ಡ ಹಾಗೂ ಸಹ್ಯಾದ್ರಿಯ ಘಟ್ಟಗಳು ಒಂದಕ್ಕೊಂದು ಸಮೀಪದಲ್ಲಿವೆ. ಈ ಸೈಕಲ್ಲಿನ ಪ್ರತಿಯೊಂದು ಭಾಗದ ಉಪಯೋಗವೂ ದೌರ್ಬಲ್ಯವೂ ಇಂತಹ ನೆಲದಲ್ಲಿ ಸ್ಪಷ್ಟವಾಗಿ ಗೋಚರಿಸುತ್ತವೆ.

ಹಿನ್ನೆಲೆ

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಯುವಕರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುತ್ತಿದ್ದರು. ಈ ಬಳಕೆಗೆಂದೇ ಜೋ ಬ್ರೀಜ್ 1977ರಲ್ಲಿ ಹೊಸ ಚೌಕಟ್ಟನ್ನು ನಿರ್ಮಿಸಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಸೇರ್ಪಡೆಯಾಯಿತು.

ಚೌಕಟ್ಟು ಮತ್ತು ಸಸ್ಪೆನ್ಷನ್

ಚೌಕಟ್ಟು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹ, ಉಕ್ಕು ಅಥವಾ ಕಾರ್ಬನ್ ನಾರಿನದು. ಮುಂದಿನ ಚಕ್ರವನ್ನು ಹಿಡಿದಿರುವ ಕವಲನ್ನು ಫೋರ್ಕ್ ಎನ್ನುತ್ತಾರೆ. ಅದರೊಳಗಿನ ಸ್ಪ್ರಿಂಗ್ ಅಥವಾ ಒತ್ತಿದ ಗಾಳಿ ಆಘಾತವನ್ನು ಹೀರುತ್ತದೆ; ಡ್ಯಾಂಪರ್‌ನಲ್ಲಿರುವ ಎಣ್ಣೆ, ಫೋರ್ಕ್ ಮರಳಿ ಚಿಮ್ಮುವ ವೇಗವನ್ನು ತಗ್ಗಿಸುತ್ತದೆ. ಮುಂದೆ ಮಾತ್ರ ಸಸ್ಪೆನ್ಷನ್ ಇದ್ದರೆ ಹಾರ್ಡ್‌ಟೇಲ್, ಎರಡೂ ಕಡೆ ಇದ್ದರೆ ಫುಲ್ ಸಸ್ಪೆನ್ಷನ್. ಅಗ್ಗದ ಸೈಕಲ್ಲುಗಳ ಹಿಂಬದಿಯಲ್ಲಿ ಕಾಣುವ ಸ್ಪ್ರಿಂಗ್ ಬಹುಮಟ್ಟಿಗೆ ಅಲಂಕಾರವೇ ಸರಿ. ಡ್ಯಾಂಪರ್ ಇಲ್ಲದ ಅದು ತೂಕವನ್ನು ಹೆಚ್ಚಿಸಿ, ಏರಿನಲ್ಲಿ ಪೆಡಲಿನ ಶಕ್ತಿಯನ್ನು ಕುಲುಕಾಟದಲ್ಲಿ ಕಳೆಯುತ್ತದೆ.

ಗೇರು

ಪೆಡಲಿನ ಬಳಿಯ ಹಲ್ಲುಚಕ್ರ, ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು (ಕ್ಯಾಸೆಟ್), ಚೈನು ಹಾಗೂ ಚೈನನ್ನು ಸ್ಥಳಾಂತರಿಸುವ ಡಿರೇಲರ್ ಇದರ ಅಂಗಗಳು. ಮುಂದೆ 32 ಹಲ್ಲು, ಹಿಂದೆ 51 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಸುಮಾರು 0.63 ಸುತ್ತು ತಿರುಗುತ್ತದೆ. 29 ಇಂಚಿನ ಚಕ್ರವಾದರೆ ಸೈಕಲ್ ಒಂದೂವರೆ ಮೀಟರಿಗಿಂತ ತುಸು ಕಡಿಮೆ ಮುಂದೆ ಸಾಗುತ್ತದೆ. ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟವನ್ನು ಇಳಿಯದೆ ತುಳಿದು ಏರಬೇಕಾದವರಿಗೆ ಇಂತಹ ಗೇರು ಬಹಳ ನೆರವಾಗುತ್ತದೆ. ವೇಗ ಅಲ್ಪ, ಆದರೆ ಮೊಣಕಾಲಿನ ಮೇಲೆ ಬೀಳುವ ಭಾರವೂ ಅಲ್ಪ.

ಬ್ರೇಕು

ಘಟ್ಟ ಇಳಿಯುವವರ ಜೀವ ಬ್ರೇಕನ್ನೇ ಅವಲಂಬಿಸಿದೆ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋಗ್ರಾಂ ಇದ್ದರೆ, 100 ಮೀಟರ್ ಎತ್ತರ ಇಳಿಯುವಷ್ಟರಲ್ಲಿ ಸುಮಾರು 83 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಕಾಲು ಲೀಟರ್ ತಣ್ಣೀರನ್ನು ಕುದಿಸಲು ಹೆಚ್ಚುಕಡಿಮೆ ಇಷ್ಟೇ ಶಾಖ ಸಾಕು. ವೇಗ ಏರದಂತೆ ನಿಧಾನವಾಗಿ ಇಳಿದರೆ, ಗಾಳಿಯ ಮತ್ತು ಟಯರಿನ ಪ್ರತಿರೋಧಕ್ಕೆ ಹೋದುದನ್ನು ಬಿಟ್ಟು ಉಳಿದುದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಹೊನ್ನಾವರದ ಕಡೆಗೆ ಇಳಿಯುವ ಗೇರುಸೊಪ್ಪೆ ಮಾರ್ಗದಲ್ಲಾಗಲಿ, ಭಟ್ಕಳದ ಕಡೆಗೆ ಇಳಿಯುವ ಕೋಗಾರ ಘಟ್ಟದಲ್ಲಾಗಲಿ ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ಅದು ಅತಿಯಾಗಿ ಕಾದು ಹಿಡಿತ ಕಳೆದುಕೊಳ್ಳಬಹುದು. ತಿರುವಿಗೆ ಮುನ್ನ ಎರಡೂ ಬ್ರೇಕುಗಳನ್ನು ಬಲವಾಗಿ ಹಿಡಿದು ವೇಗ ತಗ್ಗಿಸಿ, ನೇರದಾರಿಯಲ್ಲಿ ಬಿಡುವುದು ಸರಿಯಾದ ಕ್ರಮ.

ರಿಮ್ಮನ್ನೇ ಉಜ್ಜುವ ರಬ್ಬರ್ ಬ್ರೇಕು ಮಳೆಯಲ್ಲಿ ಜಾರುತ್ತದೆ. ಚಿರೆಕಲ್ಲಿನ ಕೆಸರು ಅಂಟಿದಾಗಲಂತೂ ಅದು ಮರಳು ಕಾಗದದಂತೆ ರಿಮ್ಮನ್ನು ಸವೆಸುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಉಕ್ಕಿನ ತಟ್ಟೆ ಚಕ್ರದ ನಡುವೆ, ಕೆಸರಿನಿಂದ ದೂರದಲ್ಲಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಗೆ ಅದೇ ಸೂಕ್ತ. ಹೈಡ್ರಾಲಿಕ್ ಮಾದರಿಗಳಲ್ಲಿ ಕೆಲವು ಮಿನರಲ್ ಎಣ್ಣೆಯನ್ನು, ಕೆಲವು ಡಾಟ್ ದ್ರವವನ್ನು ಬಳಸುತ್ತವೆ. ಒಂದರ ಬದಲು ಇನ್ನೊಂದನ್ನು ತುಂಬಿದರೆ ಒಳಗಿನ ರಬ್ಬರ್ ಸೀಲುಗಳು ಕೆಟ್ಟು ಬ್ರೇಕು ವಿಫಲವಾಗುತ್ತದೆ. ಚೈನಿಗೆ ಹಾಕುವ ಎಣ್ಣೆಯ ಒಂದು ಹನಿ ತಟ್ಟೆಗೆ ತಾಗಿದರೂ ಹಿಡಿತ ಕುಗ್ಗುತ್ತದೆ.

ಚಕ್ರ ಮತ್ತು ಟಯರು

ಚಕ್ರಗಳು 26, 27.5 ಮತ್ತು 29 ಇಂಚಿನ ಅಳತೆಗಳಲ್ಲಿ ದೊರೆಯುತ್ತವೆ. ದೊಡ್ಡ ಚಕ್ರ ಬೇರು-ಕಲ್ಲುಗಳನ್ನು ಸುಲಭವಾಗಿ ದಾಟುತ್ತದೆ. ಟಯರಿನ ಗುಬ್ಬಿಗಳು ಮಣ್ಣನ್ನು ಕಚ್ಚಿ ಹಿಡಿಯುತ್ತವೆಯಾದರೂ ಪಾಚಿಗಟ್ಟಿದ ಒದ್ದೆ ಚಿರೆಕಲ್ಲಿನ ಮೇಲೆ ಅವು ಹೆಚ್ಚು ಉಪಕಾರಿಯಲ್ಲ. ಅಲ್ಲಿ ಗಾಳಿಯನ್ನು ತುಸು ಇಳಿಸಿದರೆ ಟಯರು ನೆಲಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ.

ಕಡಲಗಾಳಿ ಮತ್ತು ತುಕ್ಕು

ಉಪ್ಪುಗಾಳಿಗೆ ಮೊದಲು ಬಲಿಯಾಗುವವು ಚೈನು, ಕೇಬಲ್ಲು ಮತ್ತು ಬೋಲ್ಟುಗಳು. ಉಕ್ಕಿನ ಚೌಕಟ್ಟಿನೊಳಗೆ ಅಲ್ಯೂಮಿನಿಯಂ ಸೀಟು ಕಂಬವಿದ್ದರೆ ಉಪ್ಪುನೀರಿನ ಸಂಪರ್ಕದಿಂದ ಎರಡು ಲೋಹಗಳ ನಡುವೆ ವಿದ್ಯುತ್‌ರಾಸಾಯನಿಕ ಕ್ರಿಯೆ ನಡೆದು ಕಂಬ ಶಾಶ್ವತವಾಗಿ ಕಚ್ಚಿಕೊಳ್ಳಬಹುದು. ಗ್ರೀಸ್ ಹಚ್ಚಿಟ್ಟರೆ ಇದು ತಪ್ಪುತ್ತದೆ. ಕಡಲತೀರದಲ್ಲಿ ಓಡಿಸಿದ ಬಳಿಕ ಸಿಹಿನೀರಿನಿಂದ ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಹಾಕಬೇಕು. ಸರ್ವಿಸ್ ಸ್ಟೇಷನ್ನಿನ ರಭಸದ ನೀರನ್ನು ಹಬ್ಬಿಗೆ ಹಾಯಿಸಿದರೆ ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ.

ಚೈನಿನ ಸವೆತವನ್ನು ಸಾಮಾನ್ಯ ಅಳತೆಪಟ್ಟಿಯಿಂದಲೇ ಅರಿಯಬಹುದು. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು ಉದ್ದವಿರುತ್ತವೆ. ಆ ಉದ್ದ ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನನ್ನು ಬದಲಿಸಬೇಕು. ಇಲ್ಲವಾದರೆ ಅದಕ್ಕಿಂತ ದುಬಾರಿಯಾದ ಕ್ಯಾಸೆಟ್ಟಿನ ಹಲ್ಲುಗಳು ಸವೆಯತೊಡಗುತ್ತವೆ.